ಮೈಕ್ ಕೆಲಸಕ್ಕೆ ಇಳಿದ ಅಳಿಯನಿಗೆ

ಅಳಿಯಾ, ನೀನು ಮೈಕ್‌ಸೆಟ್ ಅಂಗಡಿ ಹಾಕುವುದು ಗಟ್ಟಿಯಾಯಿತೆಂದು ಅಕ್ಕ ಹೇಳಿದಳು. ನೀನು ಕಳಿಸಿದ ಸಾಮಾನಿನ ಪಟ್ಟಿಯನ್ನೂ ನೋಡಿದೆ. ಬಾಕ್ಸು, ಆಂಪ್ಲಿಫಯರು, ಮಿಕ್ಸರು, ಜನರೇಟರು ಎಲ್ಲಕ್ಕೂ ಕಂಪನಿ, ಮಾಡೆಲ್ ವಿಚಾರಿಸಿ ಬೆಲೆ ಬರೆದಿದ್ದೀಯ. ಕೊನೆಯ ಸಾಲಿನಲ್ಲಿ ಮಾತ್ರ ‘ಮೈಕು ಎಂಟು, ಯಾವುದಾದರೂ ನಡೆಯುತ್ತೆ’ ಎಂದಿದೆ. ಈ ಕಿವಿಮಾತೆಲ್ಲ ಆ ಸಾಲಿನ ಸಲುವಾಗಿ. ಒಂದೊಂದು ಜಾತಿಯ ಮೈಕೂ ಯಾವುದೋ ಒಂದು ತೊಂದರೆ ನೀಗಿಸಲೆಂದು ಹುಟ್ಟಿದ್ದು. ಆ ತೊಂದರೆ ಏನಿತ್ತೆಂದು ತಿಳಿದವನಿಗೆ ಮೈಕನ್ನು ಎಲ್ಲಿಡಬೇಕು, ಎಲ್ಲಿಡಬಾರದು ಎಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅದಕ್ಕೇ ಕೆಲಸದ ಮಾತಿನ ಜೊತೆಗೆ ಹಳೆಯ ಸಂಗತಿಗಳನ್ನೂ ಸೇರಿಸಿದ್ದೇನೆ. ಬೇಸರಪಡದೆ ಓದು.

• ಮೈಕನ್ನು ತಟ್ಟಬೇಡ, ಊದಬೇಡ. ವೇದಿಕೆ ಹತ್ತಿದವರು ತಟ್ಟಲು ಬಂದರೆ ಕೈಮುಗಿದು ತಡೆ. ತಟ್ಟುವುದಕ್ಕೆ ಕಾರಣವಿದ್ದ ಕಾಲವೊಂದಿತ್ತು. 1876ರ ಮಾರ್ಚ್ 10ರಂದು ಬಾಸ್ಟನ್ನಿನಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ತನ್ನ ಮಾತನ್ನು ತಂತಿಯಲ್ಲಿ ಪಕ್ಕದ ಕೋಣೆಗೆ ಮುಟ್ಟಿಸಿದಾಗ ಅವನ ಮುಂದಿದ್ದದ್ದು ಆಮ್ಲ ಬೆರೆಸಿದ ನೀರಿನ ಬಟ್ಟಲು. ದನಿಗೆ ಪೊರೆ ಅದುರಿದಂತೆ ಅದಕ್ಕೆ ಕಟ್ಟಿದ ಸೂಜಿ ನೀರಿನಲ್ಲಿ ಮೇಲೆ ಕೆಳಗೆ ಆಡುತ್ತಿತ್ತು, ಕರೆಂಟು ಹೆಚ್ಚುಕಡಿಮೆಯಾಗುತ್ತಿತ್ತು. ಆಮ್ಲದ ಬಟ್ಟಲನ್ನು ಮನೆಮನೆಗೆ ಹಂಚಲಾಗುವುದಿಲ್ಲವಲ್ಲ. ಮರುವರ್ಷ ಎಮಿಲ್ ಬರ್ಲಿನರ್, ಥಾಮಸ್ ಎಡಿಸನ್ ಇಬ್ಬರೂ ಬೇರೆಬೇರೆಯಾಗಿ ಒಣ ದಾರಿ ಹುಡುಕಿದರು. ಸಡಿಲವಾಗಿ ತಾಗಿಕೊಂಡ ಎರಡು ವಸ್ತುಗಳ ಮೇಲೆ ದನಿಯ ಒತ್ತಡ ಬಿದ್ದರೆ ಅವುಗಳ ಮೂಲಕ ಹರಿಯುವ ಕರೆಂಟು ಬದಲಾಗುತ್ತದೆ ಎನ್ನುವುದೇ ಆ ದಾರಿ. ಎಡಿಸನ್ ಸೀಮೆಎಣ್ಣೆ ದೀಪದ ಮಸಿಯನ್ನು ಕೂಡಿಸಿ, ಒತ್ತಿ, ಬಿಲ್ಲೆ ಮಾಡಿ ಬಳಸಿದ. 1878ರಲ್ಲಿ ಲಂಡನ್ನಿನ ಡೇವಿಡ್ ಹ್ಯೂಸ್ ಇಂಗಾಲದ ಕಡ್ಡಿಯನ್ನು ಸಡಿಲವಾಗಿ ನಿಲ್ಲಿಸಿ, ನೊಣ ನಡೆಯುವ ಸದ್ದನ್ನೂ ಕೇಳಿಸಿದ. ಪೇಟೆಂಟ್ ತೆಗೆಸಿಕೊಳ್ಳದೆ ಅದನ್ನು ಜಗತ್ತಿಗೆ ಬಿಟ್ಟುಕೊಟ್ಟ. ಅವನ ಹೆಸರನ್ನು ನೆನಪಿಟ್ಟುಕೊ, ನಮ್ಮ ಕಸುಬಿನವರು ನೆನೆಯಬೇಕಾದ ಮನುಷ್ಯ. ಅದೇ ವರ್ಷ ಹೆನ್ರಿ ಹನಿಂಗ್ಸ್ ಎಂಬ ಇಂಗ್ಲೆಂಡಿನ ಪಾದ್ರಿ ಇಂಗಾಲದ ಪುಡಿ ತುಂಬಿದ ಡಬ್ಬಿ ಮಾಡಿದ. ಹಳೆಯ ಕಪ್ಪು ಟೆಲಿಫೋನಿನ ರಿಸೀವರಿನಲ್ಲಿ ಬಹುಕಾಲ ಇದ್ದದ್ದು ಅದೇ ವಂಶ. ಆ ಕಾಳುಗಳು ಒತ್ತಿಕೊಂಡು ಗಟ್ಟಿಯಾದರೆ ದನಿ ಕುಂದುತ್ತಿತ್ತು, ತಟ್ಟಿ ಅಲುಗಿಸಿದರೆ ಸರಿಹೋಗುತ್ತಿತ್ತು. ಈಗಿನ ಮೈಕಿನೊಳಗೆ ಅಂಥ ಕಾಳಿಲ್ಲ. ತಟ್ಟಿದರೆ ಏಟು ಬೀಳುವುದು ಬಾಕ್ಸಿನೊಳಗಿನ ಟ್ವೀಟರಿಗೆ, ಮುಂದಿನ ಸಾಲಿನಲ್ಲಿ ಕೂತ ಮಕ್ಕಳ ಕಿವಿಗೆ.

• ಮೈಕ್ ಪರೀಕ್ಷಿಸುವಾಗ ‘ಹಲೋ, ಒನ್ ಟೂ ತ್ರೀ’ ಎಂದು ಕಿರುಚುವುದರಿಂದ ಏನೂ ತಿಳಿಯುವುದಿಲ್ಲ. ಎರಡು ನಿಮಿಷ ಸಾಮಾನ್ಯ ದನಿಯಲ್ಲಿ ಮಾತಾಡು. ಬೆಳಗಿನ ಪೇಪರು ಓದು. ಕಾರ್ಯಕ್ರಮ ಕೊಡುವವರೇ ಬಂದು ಮಾತಾಡಿದರೆ ಇನ್ನೂ ಒಳ್ಳೆಯದು. ನಿನ್ನ ದನಿಗೆ ಹೊಂದಿಸಿದ ಗೇನ್, ಅಂದರೆ ಮಿಕ್ಸರಿನಲ್ಲಿ ದನಿ ಹಿಗ್ಗಿಸುವ ಮಟ್ಟ, ಅವರ ದನಿಗೆ ಹೊಂದುವುದಿಲ್ಲ.

• ಎಷ್ಟು ಮೈಕ್ ಬೇಕೆಂದು ಯೋಚಿಸುವ ಮೊದಲು, ಬೇಕೇ ಬೇಡವೇ ಎಂದು ಯೋಚಿಸು. ಹಾಲಿನ ಕೊನೆಯ ಕುರ್ಚಿಯಲ್ಲಿ ಕೂತು ಬರಿಗಿವಿಯಲ್ಲಿ ಕೇಳು. ಮೈಕಿಲ್ಲದೆ ಹಾಡಿ ನುಡಿಸಿದವರ ಕಷ್ಟ ಸಣ್ಣದಲ್ಲ, ನಿಜ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ಫ್ರೆಡ್ ಗೈಸ್‌ಬರ್ಗ್ ಧ್ವನಿಮುದ್ರಿಸಿಕೊಂಡಾಗ ಮೈಕ್ ಇರಲಿಲ್ಲ. ದೊಡ್ಡ ಕೊಳವೆಯ ಬಾಯಿಗೆ ಮುಖವಿಟ್ಟು ಹಾಡಬೇಕು, ಆ ದನಿಯ ಬಲವೊಂದೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೆರೆ ಕೊರೆಯಬೇಕು. ಮೆಲುದನಿಯ ಸಂಗತಿಗಳೆಲ್ಲ ಅಲ್ಲಿಗೆ ಮುಟ್ಟುವ ಮೊದಲೇ ಮಾಯ. ಮೈಕಿನಿಂದ ಧ್ವನಿಮುದ್ರಣ ಮಾಡುವ ಪದ್ಧತಿ ಅಮೆರಿಕದಲ್ಲಿ ಕಾಲಿಟ್ಟದ್ದು 1925ರಲ್ಲಿ. ಆ ಹೊತ್ತಿಗೆ ಗೌಹರ್ ಜಾನ್ ಅವರ ಬಾಳು ಇಳಿಹೊತ್ತಿಗೆ ಬಂದಿತ್ತು. 1928ರಲ್ಲಿ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿಗೆ ಬಂದರು, 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ನಮ್ಮ ತಿರುಮಕೂಡಲು ಚೌಡಯ್ಯನವರು ಏಳು ತಂತಿಯ ಪಿಟೀಲನ್ನು ರೂಢಿಸಿಕೊಂಡದ್ದೂ ಕಛೇರಿಯ ಹಿಂದಿನ ಸಾಲಿನವರಿಗೆ ನಾದ ಮುಟ್ಟಲಿ ಎಂದೇ. ಅಷ್ಟು ಕಷ್ಟಪಟ್ಟವರ ಕಲೆಯನ್ನು ನಾವೀಗ ನೂರು ಜನ ಕೂರುವ ಹಾಲಿನಲ್ಲಿ ನಾಲ್ಕು ದೊಡ್ಡ ಬಾಕ್ಸಿಟ್ಟು ಬಡಿಯುತ್ತೇವಲ್ಲ, ಅದು ನನಗೆ ಸಹಿಸದು. ಸಣ್ಣ ಹಾಲು, ವೀಣೆಯ ಕಛೇರಿ ಎಂದಾದರೆ ವೀಣೆಗೊಂದು ಮೈಕು, ಅದೂ ಸಣ್ಣಗೆ. ಮೃದಂಗಕ್ಕೆ ಬೇಡವೇ ಬೇಡ. ಬಾಡಿಗೆ ಕಡಿಮೆಯಾಗುತ್ತದೆಂದು ಹೆದರಬೇಡ, ವಿದ್ವಾಂಸರು ಮುಂದಿನ ಸಲ ನಿನ್ನನ್ನೇ ಕರೆಸಿ ಎನ್ನುತ್ತಾರೆ.

• ಮೊದಲು ಕೊಳ್ಳಬೇಕಾದದ್ದು ಡೈನಮಿಕ್ ಮೈಕು. ಎಂಟರಲ್ಲಿ ಆರು ಅದೇ ಇರಲಿ. ತೆಳುವಾದ ಪೊರೆ, ಅದರ ಬೆನ್ನಿಗೆ ಅಂಟಿದ ಪುಟ್ಟ ಕಾಯಿಲ್, ಸುತ್ತ ಅಯಸ್ಕಾಂತ, ಅಷ್ಟೇ ಅದರ ಸಂಸಾರ. ದನಿಗೆ ಪೊರೆ ಅದುರಿ, ಕಾಯಿಲ್ ಅಯಸ್ಕಾಂತದ ನಡುವೆ ಆಡಿ, ತಾನೇ ಕರೆಂಟು ಹುಟ್ಟಿಸುತ್ತದೆ. ಬ್ಯಾಟರಿ ಬೇಡ. 1931ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ವೆಂಟ್ ಮತ್ತು ಥುರಸ್ ಎಂಬ ಇಬ್ಬರು ರೂಪಿಸಿದ 618ಎ ಮೈಕನ್ನು ಹೊರತಂದಾಗಿನಿಂದ ಇಂದಿನವರೆಗೆ ಇದರ ತತ್ವ ಬದಲಾಗಿಲ್ಲ. ಇವತ್ತು ಎಲ್ಲ ವೇದಿಕೆಯಲ್ಲೂ ಕಾಣುವ ಶೂರ್ ಎಸ್‌ಎಂ58 ಬಂದದ್ದು 1966ರಲ್ಲಿ. ಅದರ ಹಿಂದೆ ಇದ್ದ ಅರ್ನಿ ಸೀಲರ್ ಎಂಬ ಎಂಜಿನಿಯರ್ ತನ್ನ ಮೈಕುಗಳನ್ನು ಎತ್ತಿಹಾಕಿ, ಬಿಸಿ ಮಾಡಿ, ಉಪ್ಪುನೀರಿನ ತುಂತುರಿಗೊಡ್ಡಿ ಪರೀಕ್ಷಿಸುತ್ತಿದ್ದ. ಜಾತ್ರೆಯ ಧೂಳಿಗೆ, ಗಣಪತಿ ಪೆಂಡಾಲಿನ ಮಳೆಗೆ ಅಂಥದ್ದೇ ಬೇಕು. ಅದರ ಹೆಸರಿನಲ್ಲಿ ಖೋಟಾ ಮಾಲು ರಾಶಿ ರಾಶಿ ಇದೆ. ರಸ್ತೆಬದಿಯ ಅಂಗಡಿಯವನು ಕಾಲುಬೆಲೆಗೆ ಕೊಡುತ್ತೇನೆಂದರೆ ಬಿಟ್ಟು ಬಾ. ಕೈಯಲ್ಲಿ ಅಷ್ಟು ದುಡ್ಡಿಲ್ಲವಾದರೆ ಸಾಧಾರಣ ಕಂಪನಿಯ ಅಸಲಿ ಮೈಕು ತಗೋ. ದೊಡ್ಡ ಹೆಸರಿನ ನಕಲಿಗಿಂತ ಅದು ಸಾವಿರ ಪಾಲು ಮೇಲು.

• ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯಲು ಯಾರಿಗೂ ಬಿಡಬೇಡ. ಈಗಿನ ಹುಡುಗರು ಟೀವಿ ನೋಡಿ ಹಾಗೆ ಹಿಡಿಯುತ್ತಾರೆ. ಅದು ಯಾಕೆ ಕೆಡುಕು ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ವೇದಿಕೆಯ ಮೈಕಿನ ಮರ್ಮವೇ ಇಲ್ಲಿದೆ. ಮೊದಲಿನ ಮೈಕುಗಳು ಸುತ್ತಲ ದನಿಯನ್ನೆಲ್ಲ ಸಮನಾಗಿ ಎಳೆದುಕೊಳ್ಳುತ್ತಿದ್ದವು. ರೇಡಿಯೋ ಕೋಣೆಯಲ್ಲಿ ನಡೆಯುತ್ತದೆ, ಬಾಕ್ಸಿನ ಪಕ್ಕ ನಿಂತು ಭಾಷಣ ಮಾಡುವಲ್ಲಿ ನಡೆಯುವುದಿಲ್ಲ. ಮುಂದಿನ ದನಿ ಮಾತ್ರ ಬೇಕು, ಹಿಂದಿನದು ಬೇಡ ಎಂದರೆ ಒಂದೇ ಗೂಡಿನೊಳಗೆ ಎರಡು ಬೇರೆ ಬೇರೆ ಮೈಕು ಸೇರಿಸಬೇಕಿತ್ತು. ಅದು ದುಬಾರಿ, ಭಾರವೂ ಹೌದು. 1939ರಲ್ಲಿ ಶೂರ್ ಕಂಪನಿಯ ಬೆಂಜಮಿನ್ ಬಾವರ್ ಒಂದೇ ಪೊರೆಯಲ್ಲಿ ಅದನ್ನು ಸಾಧಿಸಿದ. ಅದೇ ಯೂನಿಡೈನ್ 55, ಹಳೆಯ ಫೋಟೋಗಳಲ್ಲಿ ಪಕ್ಕೆಲುಬಿನಂಥ ಪಟ್ಟಿಗಳಿರುವ ಬೆಳ್ಳಿ ಬಣ್ಣದ ಮೈಕು. ಪೊರೆಯ ಹಿಂದುಗಡೆ ಸಣ್ಣ ಕಂಡಿಗಳನ್ನು ಬಿಟ್ಟು, ಅಲ್ಲಿಂದ ಒಳಹೊಕ್ಕ ದನಿ ಕೊಂಚ ತಡವಾಗಿ ಪೊರೆ ಮುಟ್ಟುವಂತೆ ಮಾಡಿದ. ಹಿಂದಿನಿಂದ ಬಂದ ದನಿ ಪೊರೆಯ ಎರಡೂ ಮುಖಕ್ಕೆ ಒಂದೇ ಹೊತ್ತಿಗೆ ತಲುಪುತ್ತದೆ, ಎರಡೂ ಕಡೆಯ ಒತ್ತಡ ಸಮವಾಗಿ ಪೊರೆ ಅಲುಗುವುದೇ ಇಲ್ಲ. ಮುಂದಿನಿಂದ ಬಂದದ್ದಕ್ಕೆ ಮಾತ್ರ ಅದುರುತ್ತದೆ. ನಿನ್ನ ಕೈಯಲ್ಲಿರುವ ಮೈಕಿನ ತಲೆಯನ್ನು ಬಿಚ್ಚಿ ನೋಡು, ಪೊರೆಯ ಕೆಳಗೆ ಆ ಕಂಡಿಗಳು ಕಾಣುತ್ತವೆ. ಮುಷ್ಟಿಯಲ್ಲಿ ಜಾಲರಿ ಮುಚ್ಚಿದರೆ ಕಂಡಿಗಳೂ ಮುಚ್ಚಿದಂತೆ. ಬಾವರ್ ಮಾಡಿದ್ದೆಲ್ಲ ಮಣ್ಣುಪಾಲು. ಮೈಕು ಮತ್ತೆ ಸುತ್ತಲ ದನಿ ಎಳೆಯತೊಡಗುತ್ತದೆ, ಬಾಕ್ಸಿನ ಸದ್ದು ಒಳಹೊಕ್ಕು ‘ಕುಂಯ್’ ಎಂದು ಕೂಗುತ್ತದೆ. ಬೈಗುಳ ತಿನ್ನುವವನು ನೀನು. ಗಾಯಕರಿಗೆ ಮೊದಲೇ ಹೇಳು: ಹಿಡಿಯಲ್ಲಿ ಹಿಡಿಯಿರಿ, ತಲೆಗೆ ಕೈ ಹಾಕಬೇಡಿ.

• ಇದೇ ಕಾರಣಕ್ಕೆ, ಹಾಡುವವರಿಗೆ ಕೇಳಿಸಲು ಇಡುವ ಮಾನಿಟರ್ ಬಾಕ್ಸು, ಹೀಗೆ ಮುಂದಿನ ದನಿ ಮಾತ್ರ ಹಿಡಿಯುವ ಸಾಮಾನ್ಯ ಕಾರ್ಡಿಯಾಯಿಡ್ ಮೈಕಿನ ನೇರ ಬೆನ್ನಿಗಿರಬೇಕು. ಸೂಪರ್ ಕಾರ್ಡಿಯಾಯಿಡ್ ಎಂದು ಬರೆದ ಮೈಕಾದರೆ ಅದರ ಕಿವುಡು ಜಾಗ ನೇರ ಹಿಂದಿಲ್ಲ, ಹಿಂದಿನ ಎರಡು ಮೂಲೆಗಳಲ್ಲಿದೆ. ಅದಕ್ಕೆ ತಕ್ಕಂತೆ ಸರಿಸು.

• ಗೇನ್ ಏರಿಸುವ ಮೊದಲು ಮೈಕನ್ನು ಹತ್ತಿರ ಸರಿಸು. ಬಾಯಿಗೂ ಮೈಕಿಗೂ ಇರುವ ದೂರ ಇಮ್ಮಡಿಯಾದರೆ ದನಿ 6 ಡೆಸಿಬೆಲ್ ಇಳಿಯುತ್ತದೆ. 5 ಸೆಂಟಿಮೀಟರಿನಲ್ಲಿ ಮಾತಾಡುತ್ತಿದ್ದವರು 40ಕ್ಕೆ ಸರಿದರೆ ಮೂರು ಸಲ ಇಮ್ಮಡಿ, 18 ಡೆಸಿಬೆಲ್ ಹೋಯಿತು. ಅಷ್ಟನ್ನೂ ಗೇನಿನಲ್ಲಿ ತುಂಬಲು ಹೋದರೆ ಅವರ ದನಿಯೊಂದೇ ಏರುವುದಿಲ್ಲ, ಫ್ಯಾನಿನ ಸದ್ದು, ಮಗುವಿನ ಅಳು, ಅಡಿಗೆ ಮನೆಯ ಪಾತ್ರೆ ಎಲ್ಲವೂ ಏರುತ್ತವೆ. ಬಹುಪಾಲು ಕೂಗಾಟ ಇದರಿಂದಲೇ. ಅತಿಥಿಗಳು ಎತ್ತರವಿದ್ದರೆ ಸ್ಟ್ಯಾಂಡ್ ಏರಿಸಲು ಓಡು, ಗಿಡ್ಡವಿದ್ದರೆ ಇಳಿಸಲು ಓಡು. ನಡುವೆ ಎದ್ದು ಹೋದರೆ ಅವಮಾನ ಎಂದುಕೊಳ್ಳಬೇಡ, ಅದೇ ನಿನ್ನ ಕೆಲಸ. ತುಂಬ ಹತ್ತಿರ ಬಂದಾಗ ಇನ್ನೊಂದು ನಡೆಯುತ್ತದೆ. ಒಂದೇ ಕಡೆಯ ದನಿ ಹಿಡಿಯುವ ಮೈಕುಗಳಲ್ಲಿ ಮಂದ್ರದ ಅಂಶ ಉಬ್ಬಿ, ದನಿ ದಪ್ಪಗಾಗುತ್ತದೆ. ಬಿಂಗ್ ಕ್ರಾಸ್ಬಿಯಂಥ ಅಮೆರಿಕದ ಗಾಯಕರು 1930ರ ದಶಕದಲ್ಲಿ ಪಕ್ಕದಲ್ಲಿ ಕೂತವರೊಡನೆ ಮಾತಾಡುವಷ್ಟು ಮೆಲ್ಲಗೆ ಹಾಡಿ ಗೆದ್ದದ್ದು ಮೈಕಿನಿಂದಲೇ. ಹತ್ತಿರ ನಿಂತರೆ ಏನಾಗುತ್ತದೆ, ದೂರ ಸರಿದರೆ ಏನಾಗುತ್ತದೆ ಎಂದು ಅವರು ಕಲಿತುಕೊಂಡಿದ್ದರು. ಭಾವಗೀತೆಗೆ ಅದು ಚೆನ್ನ. ಪ್ರವಚನಕ್ಕೆ ಚೆನ್ನಲ್ಲ, ಅಕ್ಷರ ಮಬ್ಬಾಗುತ್ತದೆ. ಆಗ ಮಂದ್ರ ತಗ್ಗಿಸಲು ಮಿಕ್ಸರಿನಲ್ಲಿ ಲೋ ಕಟ್ ಒತ್ತು.

• ಕನ್ನಡದಲ್ಲಿ ಮಹಾಪ್ರಾಣಗಳಿವೆ ಎನ್ನುವುದನ್ನು ಮರೆಯಬೇಡ. ಭ, ಫ, ಖ, ಥ ಗಟ್ಟಿಯಾಗಿ ಉಚ್ಚರಿಸುವ ಹರಿಕಥೆ ದಾಸರು, ಗಮಕಿಗಳು, ನಿರೂಪಕರು ಇರುತ್ತಾರೆ. ಮೈಕು ನೇರ ಬಾಯಿಗಿದ್ದರೆ ಒಂದೊಂದು ‘ಭ’ಕಾರಕ್ಕೂ ಗುಡುಗು. ಸ್ಪಂಜು ಹಾಕು. ಅದಕ್ಕಿಂತ ಮುಖ್ಯ, ಮೈಕನ್ನು ಬಾಯಿಯ ಒಂದು ಮಗ್ಗುಲಿಗೆ ಓರೆಯಾಗಿಡು. ಉಸಿರು ಪಕ್ಕದಲ್ಲಿ ಹಾದುಹೋಗುತ್ತದೆ, ದನಿ ಮಾತ್ರ ಒಳಗೆ ಹೋಗುತ್ತದೆ. ಶ, ಸ ಸೀಟಿ ಹೊಡೆಯುವುದೂ ಇದರಿಂದ ತಗ್ಗುತ್ತದೆ.

• ಮಾತಾಡದವರ ಮೈಕು ಮುಚ್ಚು. ತೆರೆದಿಟ್ಟ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಕೂಗುವ ಮೊದಲು ನಿನಗೆ ಸಿಗುವ ಅವಕಾಶ 3 ಡೆಸಿಬೆಲ್ ಕಡಿಮೆ. ವೇದಿಕೆಯ ಮೇಲೆ ಎಂಟು ಗಣ್ಯರಿಗೆ ಎಂಟು ಮೈಕಿಟ್ಟು ಎಲ್ಲವನ್ನೂ ತೆರೆದರೆ 9 ಡೆಸಿಬೆಲ್ ಕಳೆದುಕೊಂಡೆ. ಮಿಕ್ಸರಿನ ಫೇಡರಿನ ಮೇಲಿನ ಬೆರಳು, ವೇದಿಕೆಯ ಮೇಲಿನ ಕಣ್ಣು ಎರಡೂ ಕಾರ್ಯಕ್ರಮ ಮುಗಿಯುವ ತನಕ ಅಲ್ಲೇ ಇರಬೇಕು. ಆ ಹೊತ್ತಿನಲ್ಲಿ ಮೊಬೈಲು ಜೇಬಿನಲ್ಲಿರಲಿ.

• ಉಳಿದ ಎರಡು ಮೈಕು ಕಂಡೆನ್ಸರ್ ಇರಲಿ. ಕೊಳಲು, ಪಿಟೀಲು, ತಂಬೂರಿ, ಮಕ್ಕಳ ಸಮೂಹಗಾನ ಇವಕ್ಕೆ ಅದರ ಸೂಕ್ಷ್ಮತೆ ಬೇಕು. ಇದು ಹಾಡಿಗೆಂದು ಹುಟ್ಟಿದ್ದಲ್ಲ. ವೆಸ್ಟರ್ನ್ ಎಲೆಕ್ಟ್ರಿಕ್‌ನಲ್ಲಿದ್ದ ಅದೇ ವೆಂಟ್ 1916ರಲ್ಲಿ ದನಿಯ ಬಲವನ್ನು ಅಳೆಯುವ ಉಪಕರಣವಾಗಿ ಇದನ್ನು ರೂಪಿಸಿದ. ಲೋಹದ ತಟ್ಟೆಯ ಮುಂದೆ ಕೂದಲೆಳೆಯ ಅಂತರದಲ್ಲಿ ಬಿಗಿದ ತೆಳು ಪೊರೆ. ನಡುವೆ ವಿದ್ಯುತ್ತು ತುಂಬಿಟ್ಟರೆ, ಪೊರೆ ಹತ್ತಿರ ದೂರ ಆದಂತೆಲ್ಲ ಸಂಕೇತ ಹೊರಡುತ್ತದೆ. ಕಾಯಿಲಿನ ಭಾರವಿಲ್ಲದ್ದರಿಂದ ತೀರ ಮೆಲುದನಿಗೂ ಪೊರೆ ಅಲುಗುತ್ತದೆ. ಬರ್ಲಿನ್ನಿನ ಗಿಯೋರ್ಗ್ ನಾಯ್‌ಮನ್ 1928ರಲ್ಲಿ ಕಂಪನಿ ಕಟ್ಟಿ ಇದನ್ನು ಮಾರಾಟಕ್ಕೆ ತಂದ. 1949ರಲ್ಲಿ ಬಂದ ಅವನ ಯು47ಗೆ ಸ್ಟುಡಿಯೋದವರು ಇವತ್ತಿಗೂ ಆಸೆಪಡುತ್ತಾರೆ.

ಕಂಡೆನ್ಸರಿಗೆ ಕರೆಂಟು ಬೇಕು. ಮಿಕ್ಸರಿನ ಮೇಲೆ ‘48 ವಿ’ ಎಂಬ ಗುಂಡಿ ಇದೆಯಲ್ಲ, ಅದು ಆ ಕರೆಂಟೇ. ಯಾಕೆ 48, ಯಾಕೆ 50 ಅಲ್ಲ ಎಂದು ನೀನು ಕೇಳಿದ್ದೆ. 1966ರಲ್ಲಿ ನಾಯ್‌ಮನ್ ಕಂಪನಿ ನಾರ್ವೆಯ ರೇಡಿಯೋ ಸಂಸ್ಥೆಗೆ ಹೊಸ ಟ್ರಾನ್ಸಿಸ್ಟರ್ ಮೈಕು ಮಾಡಿಕೊಡಬೇಕಿತ್ತು. ಅಲ್ಲಿ ಚಳಿಗಾಲದಲ್ಲಿ ಹಗಲೇ ಕಡಿಮೆ, ಹಾಗಾಗಿ ಸ್ಟುಡಿಯೋಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟಿನ ವ್ಯವಸ್ಥೆ ಆಗಲೇ ಇತ್ತು. ಅದನ್ನೇ ಬಳಸಿದರು. ಅದೇ ಜಗತ್ತಿನ ನಿಯಮವಾಯಿತು. ನೀನು ನೆನಪಿಡಬೇಕಾದದ್ದು: ಆ ಗುಂಡಿ ಒತ್ತುವಾಗ, ಆರಿಸುವಾಗ, ವಯರ್ ಸಿಕ್ಕಿಸುವಾಗ, ಕೀಳುವಾಗ ಫೇಡರ್ ಕೆಳಗಿರಬೇಕು. ಇಲ್ಲವಾದರೆ ಬಾಕ್ಸಿನಿಂದ ಬರುವ ‘ಠಪ್’ ಸದ್ದಿಗೆ ಟ್ವೀಟರ್ ಹೋಗುತ್ತದೆ. ಇನ್ನು ಮಳೆಗಾಲ. ಮಲೆನಾಡು, ಕರಾವಳಿಯ ಥಂಡಿಗೆ ಕಂಡೆನ್ಸರ್ ಚಟಚಟ ಎನ್ನತೊಡಗುತ್ತದೆ, ಪೊರೆಯ ಬಳಿ ತೇವ ಸೇರಿ ವಿದ್ಯುತ್ತು ಸೋರುವುದರಿಂದ. ಸಿಲಿಕಾ ಜೆಲ್ ಪೊಟ್ಟಣವಿಟ್ಟ ಗಾಳಿಯಾಡದ ಡಬ್ಬಿಯಲ್ಲಿಡು. ಬಿಸಿಲಿಗೆ ಒಣಗಿಸಲು ಹೋಗಬೇಡ.

• ರಿಬ್ಬನ್ ಮೈಕು ನಿನ್ನ ಅಂಗಡಿಗೆ ಬೇಡ, ಆದರೆ ಹಳೆಯ ಸ್ಟುಡಿಯೋದಲ್ಲಿ ಕಂಡರೆ ಗೌರವದಿಂದ ಮುಟ್ಟು. ಅಯಸ್ಕಾಂತದ ನಡುವೆ ನೇತುಹಾಕಿದ, ಸುಮಾರು 2 ಮೈಕ್ರಾನ್ ದಪ್ಪದ ಅಲ್ಯೂಮಿನಿಯಂ ಪಟ್ಟಿ ಅದರ ಜೀವ. ಒಮ್ಮೆ ಜೋರಾಗಿ ಊದಿದರೆ ಹರಿಯಬಹುದು. ಹಾಳಾದ ವಯರಿನ ಮೂಲಕ 48 ವೋಲ್ಟ್ ನುಗ್ಗಿದರೂ ಹಾಳಾಗಬಹುದು. ಅಮೆರಿಕದ ಹ್ಯಾರಿ ಓಲ್ಸನ್ ಆರ್‌ಸಿಎ ಕಂಪನಿಗಾಗಿ 1930ರ ದಶಕದ ಮೊದಲಲ್ಲಿ ಇದನ್ನು ಬಳಕೆಗೆ ತಂದ. ಹಿಂದೆ ಮುಂದೆ ಎರಡೂ ಕಡೆ ಕೇಳುತ್ತದೆ, ಪಕ್ಕಗಳು ಕಿವುಡು. ರೇಡಿಯೋ ನಾಟಕದವರು ಒಂದೇ ಮೈಕಿನ ಎರಡು ಬದಿಗೆ ಎದುರುಬದುರು ನಿಂತು, ಒಬ್ಬರ ಮುಖ ಒಬ್ಬರು ನೋಡುತ್ತ ಅಭಿನಯಿಸಲು ಇದು ಹೇಳಿಮಾಡಿಸಿದ್ದು.

• ಕಾಲರ್ ಮೈಕನ್ನು ಬಟ್ಟೆಯೊಳಗೆ ಹೂಳಬೇಡ. ರೇಷ್ಮೆ ಸೀರೆ, ಗಂಜಿ ಹಾಕಿದ ಖಾದಿ ಜುಬ್ಬ ಎರಡೂ ಕೆಟ್ಟ ಸದ್ದು ಮಾಡುತ್ತವೆ. ಸೆರಗಿನ ಮಡಿಕೆ ತಾಗದಂತೆ, ಗಲ್ಲದಿಂದ ಒಂದು ಗೇಣು ಕೆಳಗೆ, ಹಾರಕ್ಕೂ ಮಾಂಗಲ್ಯಕ್ಕೂ ಬಡಿಯದ ಜಾಗ ನೋಡಿ ಹಾಕು. ಹೆಂಗಸರಿಗೆ ಮೈಕ್ ಕೈಗೆ ಕೊಟ್ಟು, ಅವರ ಮನೆಯವರಿಂದಲೇ ಹಾಕಿಸು. ಮೈಕನ್ನು ಬಚ್ಚಿಡುವ ಪಾಡು ಹೊಸದಲ್ಲ. 1931ರಲ್ಲಿ ನಮ್ಮ ದೇಶದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ ಬೊಂಬಾಯಿಯಲ್ಲಿ ತಯಾರಾಗುವಾಗ, ನಟರ ಸುತ್ತಮುತ್ತ ಕ್ಯಾಮೆರಾಕ್ಕೆ ಕಾಣದಂತೆ ಮೈಕು ಅಡಗಿಸುತ್ತಿದ್ದರು. ಸ್ಟುಡಿಯೋ ಪಕ್ಕದಲ್ಲೇ ರೈಲು ಹಳಿ. ಹಗಲು ಸದ್ದೋ ಸದ್ದು, ಅದಕ್ಕೇ ಹೆಚ್ಚಿನ ಚಿತ್ರೀಕರಣ ರೈಲು ಓಡಾಡದ ನಡುರಾತ್ರಿಯಲ್ಲಿ. ಸದ್ದಿನ ಜಾಗದಲ್ಲಿ ಒಳ್ಳೆಯ ಮೈಕಿಗಿಂತ ಒಳ್ಳೆಯ ಹೊತ್ತು ಹೆಚ್ಚು ಕೆಲಸ ಮಾಡುತ್ತದೆ.

• ಕಾರ್ಡ್‌ಲೆಸ್ ಮೈಕಿನ ಬ್ಯಾಟರಿ ಪ್ರತಿ ಕಾರ್ಯಕ್ರಮಕ್ಕೂ ಹೊಸದು. ಸ್ಟ್ಯಾಂಡಿನಲ್ಲಿ ಒಂದು ವಯರಿನ ಮೈಕು ಸದಾ ಸಿದ್ಧವಿರಲಿ. ಇಷ್ಟು ಸಾಕು.

• ಯಕ್ಷಗಾನದ ಆಟಕ್ಕೆ ಕರೆದರೆ ಚೆಂಡೆಯ ಹತ್ತಿರ ಮೈಕು ಇಡಬೇಡ. ಚೆಂಡೆ ಬಯಲಿನಲ್ಲಿ ಬಹುದೂರ ಕೇಳಲೆಂದೇ ಇರುವ ವಾದ್ಯ, ಭಾಗವತರ ಮೈಕಿನಲ್ಲಿ ಅದು ಬೇಕಾದಷ್ಟು ಬರುತ್ತದೆ. ಭಾಗವತರಿಗೊಂದು, ಮದ್ದಲೆಗೊಂದು, ಅರ್ಥ ಹೇಳುವ ವೇಷಧಾರಿಗಳಿಗೆ ರಂಗದ ಮುಂದುಗಡೆ ಎರಡು. ನಾದಸ್ವರ, ಡೋಲು ಇದ್ದರೂ ಹೀಗೆಯೇ, ಓಲಗದವರ ಬಾಯಿಗೆ ಮೈಕು ತುರುಕಬಾರದು, ಎರಡು ಮಾರು ದೂರವಿಡು. ಮೃದಂಗಕ್ಕೆ ಒಂದೇ ಮೈಕು ಇದ್ದರೆ ಬಲಗಡೆಗೆ, ಮುಚ್ಚಿಗೆಯಿಂದ ಒಂದೂವರೆ ಗೇಣು ಬಿಟ್ಟು, ಕೊಂಚ ಮೇಲಿನಿಂದ ಓರೆಯಾಗಿ. ಎಡಗಡೆಯ ಗುಂಕಾರ ತಾನಾಗಿ ಬರುತ್ತದೆ. ಎರಡು ಮೈಕು ಹತ್ತಿರ ಹತ್ತಿರ ಇಡಬೇಕಾದಾಗ ಅವೆರಡರ ನಡುವಿನ ಅಂತರ, ಮೈಕಿಗೂ ಅದರ ವಾದ್ಯಕ್ಕೂ ಇರುವ ಅಂತರದ ಮೂರರಷ್ಟಾದರೂ ಇರಲಿ. ಇಲ್ಲವಾದರೆ ಒಂದೇ ನಾದ ಎರಡು ಹೊತ್ತಿಗೆ ತಲುಪಿ, ಒಂದನ್ನೊಂದು ಅಳಿಸಿ ಪೊಳ್ಳಾಗಿ ಕೇಳುತ್ತದೆ. ಕಲಾವಿದರನ್ನೇ ಕೇಳು, ‘ನಿಮ್ಮ ವಾದ್ಯ ನಿಮಗೆ ಕೇಳುವ ಹಾಗೆ ಇದೆಯೇ ಗುರುಗಳೇ’ ಎಂದು. ಅವರ ಉತ್ತರ ಮೀಟರಿಗಿಂತ ಹೆಚ್ಚು.

• ಅರ್ಥಿಂಗ್ ಇಲ್ಲದೆ ಕೆಲಸ ಶುರು ಮಾಡಬೇಡ. ಮೈಕು ಲೋಹದ್ದು, ಅದನ್ನು ಮುಟ್ಟುವುದು ತುಟಿ, ಕೈ ಒದ್ದೆ, ಕೆಳಗೆ ಹಸಿ ನೆಲ. ಕಂಬದಿಂದ ವಯರ್ ಎಳೆದು ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಕಿತ್ತುಹಾಕುವವರನ್ನು ಹತ್ತಿರ ಸೇರಿಸಬೇಡ. ಗುಂಯ್‌ಗುಡುವುದು ನಿಲ್ಲುತ್ತದೆಂದು ಅದನ್ನು ಕೀಳುತ್ತಾರೆ. ಗುಂಯ್‌ಗುಡಲಿ, ಪ್ರಾಣ ಉಳಿಯಲಿ. ಸೋರುವ ಕರೆಂಟಿಗೆ ತಾನೇ ಬೀಳುವ ಆರ್‌ಸಿಸಿಬಿ ಹಾಕಿಸು, ಕಾರ್ಯಕ್ರಮಕ್ಕೆ ಮುಂಚೆ ಮೈಕಿಗೂ ಗಿಟಾರು, ಕೀಬೋರ್ಡಿಗೂ ನಡುವೆ ಮೀಟರ್ ಹಿಡಿದು ವೋಲ್ಟ್ ನೋಡು. ಇದರಲ್ಲಿ ರಿಯಾಯಿತಿ ಇಲ್ಲ.

• ವಯರನ್ನು ಮೊಣಕೈಗೆ ಸುತ್ತಬೇಡ, ಒಳಗಿನ ಎಳೆ ತಿರುಚಿ ಮುರಿಯುತ್ತದೆ. ಒಂದು ಸುತ್ತು ಮೇಲಿಂದ, ಒಂದು ಸುತ್ತು ಕೆಳಗಿಂದ ಹಾಕಿ ಸುತ್ತು. ಮೂರು ಪಿನ್ನಿನ ಬ್ಯಾಲೆನ್ಸ್ಡ್ ವಯರನ್ನೇ ಬಳಸು. ಒಂದೇ ಸಂಕೇತವನ್ನು ಎರಡು ಎಳೆಯಲ್ಲಿ ತಿರುವುಮುರುವಾಗಿ ಕಳಿಸುವುದರಿಂದ, ದಾರಿಯಲ್ಲಿ ಸೇರಿದ ಗೊಣಗು ಮಿಕ್ಸರಿನಲ್ಲಿ ಒಂದಕ್ಕೊಂದು ವಜಾ ಆಗುತ್ತದೆ.

• ರಾತ್ರಿ ಹತ್ತಾದರೆ ಬಂದ್. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಧ್ವನಿವರ್ಧಕ ಹಚ್ಚುವಂತಿಲ್ಲ, ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಿನಲ್ಲಿ ಹಚ್ಚಲೇಬಾರದು. ವರ್ಷಕ್ಕೆ ಹೆಚ್ಚೆಂದರೆ 15 ದಿನ, ಹಬ್ಬಹರಿದಿನಗಳಿಗೆ ಸರ್ಕಾರ ನಡುರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ಕನಿಷ್ಠ 100 ಮೀಟರನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಅನುಮತಿ ಪತ್ರದ ನಕಲನ್ನು ನಿನ್ನ ಕೈಗೆ ತಗೊಂಡ ಮೇಲೆಯೇ ಸಾಮಾನು ಗಾಡಿಗೆ ಹಾಕು. ಕಾನೂನು ಹಾಗಿರಲಿ, ಪಕ್ಕದ ಮನೆಯಲ್ಲಿ ಬಾಣಂತಿ ಇರುತ್ತಾಳೆ, ಹಾಸಿಗೆ ಹಿಡಿದವರಿರುತ್ತಾರೆ, ಪರೀಕ್ಷೆಗೆ ಓದುವವರಿರುತ್ತಾರೆ. ಹಾರ್ನುಗಳನ್ನು ಕಂಬದ ತುದಿಗೆ ಕಟ್ಟಿ ಊರ ಕಡೆಗೆ ತಿರುಗಿಸುವ ಪದ್ಧತಿಯನ್ನು ನಿನ್ನ ಕಾಲಕ್ಕಾದರೂ ನಿಲ್ಲಿಸು. ಕಾರ್ಯಕ್ರಮ ಕೇಳಬೇಕಾದವರು ಪೆಂಡಾಲಿನೊಳಗಿದ್ದಾರೆ.

• ಅಗ್ಗದ ಮೈಕನ್ನು ಕೀಳಾಗಿ ನೋಡಬೇಡ. ಕಾಲರ್ ಮೈಕು, ಹೆಡ್‌ಫೋನಿನ ಮೈಕು, ಕಿವಿ ಕೇಳದವರು ಹಾಕಿಕೊಳ್ಳುವ ಯಂತ್ರದ ಮೈಕು, ಇವಕ್ಕೆಲ್ಲ ಮೂಲ 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ನಡೆದ ಕೆಲಸ. ಜರ್ಮನಿಯಿಂದ ಬಂದ ಗೆರ್ಹಾರ್ಡ್ ಸೆಸ್ಲರ್, ವರ್ಜೀನಿಯಾದಲ್ಲಿ ಹುಟ್ಟಿದ ಜೇಮ್ಸ್ ವೆಸ್ಟ್ ಸೇರಿ ಅದನ್ನು ಮಾಡಿದರು. ಕಂಡೆನ್ಸರಿಗೆ ಹೊರಗಿನಿಂದ ದೊಡ್ಡ ವೋಲ್ಟ್ ಕೊಡಬೇಕಾದ ತೊಂದರೆ ಇತ್ತಲ್ಲ, ಅದನ್ನು ತಪ್ಪಿಸಲು ಅವರು ಟೆಫ್ಲಾನಿನಂಥ ಪ್ಲಾಸ್ಟಿಕ್ ಹಾಳೆಯಲ್ಲಿ ವಿದ್ಯುತ್ತನ್ನು ವರ್ಷಗಟ್ಟಲೆ ಉಳಿಯುವಂತೆ ಹಿಡಿದಿಟ್ಟರು. ಎಲೆಕ್ಟ್ರೆಟ್ ಎನ್ನುವುದು ಇದನ್ನೇ. ಒಳಗಿನ ಪುಟ್ಟ ಟ್ರಾನ್ಸಿಸ್ಟರಿಗೆ ಒಂದೂವರೆ ವೋಲ್ಟಿನ ಸೆಲ್ ಸಾಕು. ವೆಸ್ಟ್ ಕರಿಯರ ಮನೆತನದವರು. ಕರಿಯರಿಗೆ ವಿಜ್ಞಾನ ಓದಿದರೆ ಕೆಲಸ ಸಿಗದು ಎಂದು ಮನೆಯವರೇ ಹೆದರುತ್ತಿದ್ದ ಕಾಲದಲ್ಲಿ ಅವರು ಭೌತಶಾಸ್ತ್ರ ಓದಿದರು. ಆಮೇಲಿನ ದಶಕಗಳಲ್ಲಿ ಜಗತ್ತಿನಲ್ಲಿ ತಯಾರಾದ ಮೈಕುಗಳಲ್ಲಿ ಹೆಚ್ಚಿನ ಪಾಲು ಅವರಿಬ್ಬರ ತತ್ವದ್ದೇ. ಸಾವಿರಾರು ರೂಪಾಯಿಯ ಮೈಕು ಸ್ಟುಡಿಯೋಗಳನ್ನು ಬೆಳಗಿಸಿರಬಹುದು, ಬಡವರ ಮಾತನ್ನು ದೂರ ಮುಟ್ಟಿಸಿದ್ದು ಇದು.

• ಕೊನೆಯದು, ಬಾಡಿಗೆ ಬಾರದ ಕೆಲಸ. ನಿನ್ನ ಜೇಬಿನ ಫೋನಿನಲ್ಲಿ ಎರಡೋ ಮೂರೋ ಮೈಕುಗಳಿವೆ. ಸಿಲಿಕಾನ್ ಚಿಪ್ಪಿನಲ್ಲೇ ಕೆತ್ತಿದ ಪುಟ್ಟ ಪೊರೆಗಳು. ಈ ಜಾತಿ ಮಾರುಕಟ್ಟೆಗೆ ದೊಡ್ಡದಾಗಿ ಬಂದದ್ದು 2000ದ ದಶಕದಲ್ಲಿ. ಕೆಳಗಿನದು ಮಾತಿಗೆ, ಮೇಲಿನದು ಅಥವಾ ಹಿಂದಿನದು ಸುತ್ತಲ ಗಲಾಟೆಯನ್ನು ಗುರುತಿಸಿ ಕಳೆಯುವುದಕ್ಕೆ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಎಂಬ ರೇಡಿಯೋ ಕೇಂದ್ರ ಶುರುಮಾಡಿದಾಗ ದನಿ ಹಿಡಿದಿಡುವ ಇಂಥ ಫೋನೊಂದು ಸಿಕ್ಕಿದ್ದರೆ ಎಷ್ಟು ಕಲಾವಿದರ ದನಿ ಉಳಿಯುತ್ತಿತ್ತೋ. ನಿನ್ನ ಅಜ್ಜಿಗೆ ಸೋಬಾನೆ ಪದ, ಬೀಸುವ ಪದ, ತೊಟ್ಟಿಲ ಪದ ಬೇಕಾದಷ್ಟು ಬರುತ್ತವೆ. ಬರೆದಿಟ್ಟವರಿಲ್ಲ. ಈ ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿಯನ್ನು ಒಳಕೋಣೆಯಲ್ಲಿ ಕೂರಿಸು. ಹಾಸಿಗೆ, ಬಟ್ಟೆ ಇರುವ ಕೋಣೆಯಲ್ಲಿ ಗೋಡೆಯ ಮಾರ್ದನಿ ಕಡಿಮೆ. ಫ್ಯಾನು, ಟೀವಿ ಆರಿಸು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಸಿದ ಟವೆಲಿನ ಮೇಲೆ ಒಂದೂವರೆ ಗೇಣು ದೂರದಲ್ಲಿ ಇಡು. ಕೈಯಲ್ಲಿ ಹಿಡಿಯಬೇಡ, ತೂತಿಗೆ ಬೆರಳು ಅಡ್ಡ ಬರುತ್ತದೆ. ಅವರು ನಡುವೆ ನಿಲ್ಲಿಸಿ ‘ಇದನ್ನು ನಮ್ಮವ್ವ ಹೇಳಿಕೊಟ್ಟದ್ದು’ ಎಂದು ಕತೆ ಶುರುಮಾಡಿದರೆ ರೆಕಾರ್ಡಿಂಗ್ ನಿಲ್ಲಿಸಬೇಡ, ಆ ಮಾತೂ ಬೇಕು. ಮುಗಿದ ಮೇಲೆ ಹೆಸರು, ಊರು, ತಾರೀಖು ಬರೆದು ಫೈಲನ್ನು ಎರಡು ಕಡೆ ಉಳಿಸು, ನನಗೂ ಒಂದು ಪ್ರತಿ ಕಳಿಸು.